ಮಲೆನಾಡಿನ ಡೆಲಿವರಿ ಮತ್ತು ಮೊಬೈಲ್: ಸಪ್ಲೈ ಮಾಡುವವರೂ ಗಿರಾಕಿಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದಿನಸಿ, ತರಕಾರಿ, ಹಾಲು, ಬೇಕರಿ ತಿಂಡಿ, ನೀರಿನ ಕ್ಯಾನು, ಗೊಬ್ಬರ, ಹೀಗೆ ಯಾವುದನ್ನೇ ಆಗಲಿ ಅಂಗಡಿಗೂ ಮನೆಗೂ ತಲುಪಿಸುವವರಿಗಾಗಿ ಇದನ್ನು ಬರೆದಿದ್ದೇನೆ. ತರಿಸಿಕೊಳ್ಳುವವರಿಗೂ ಉಪಯೋಗಕ್ಕೆ ಬರುತ್ತದೆ. ಶಿವಮೊಗ್ಗದ ಹೋಲ್‌ಸೇಲ್ ಅಂಗಡಿಯಿಂದ ಹಿಡಿದು ಆಗುಂಬೆ ದಾರಿಯ ಗೂಡಂಗಡಿವರೆಗೆ ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇದನ್ನೇ.

ಸ್ಮಾರ್ಟ್‌ಫೋನ್ ಬಂದ ಮೇಲೆ ನಿಜವಾಗಿ ಏನು ಬದಲಾಗಿದೆ? ಸಾಮಾನು ಬೇಗ ಬರುತ್ತಿದೆಯಾ?

ಬೇಗ ಬರುತ್ತಿದೆ ಅಂತ ಹೇಳುವುದು ಕಷ್ಟ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಇರುವ ಸುಮಾರು 60 ಕಿಲೋಮೀಟರ್ ಈಗಲೂ ಅಷ್ಟೇ ಇದೆ. ಮಂಡಗದ್ದೆ ದಾರಿಯ ತಿರುವುಗಳೂ ಹಾಗೇ ಇವೆ. ಬದಲಾಗಿರುವುದು ಒಂದೇ: ಈಗ ಇಬ್ಬರಿಗೂ ಮುಂಚೆಯೇ ಗೊತ್ತಾಗುತ್ತದೆ. ಏನು ಬೇಕು ಅಂತ ಗಾಡಿ ಹೊರಡುವ ಮೊದಲೇ ಸಪ್ಲೈ ಮಾಡುವವರಿಗೆ ಗೊತ್ತು. ಇವತ್ತು ಬರುತ್ತದೋ ಇಲ್ಲವೋ ಅಂತ ಅಂಗಡಿಯವರಿಗೆ ಬೆಳಿಗ್ಗೆಯೇ ಗೊತ್ತು.

ಮೊದಲು ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮ್ಯಾನ್ ವಾರಕ್ಕೊಮ್ಮೆ ಬಂದು ಆರ್ಡರ್ ಬರೆದುಕೊಂಡು ಹೋಗುತ್ತಿದ್ದರು. ಮಧ್ಯೆ ಸಕ್ಕರೆ ಮುಗಿದರೆ ಮುಂದಿನ ವಾರವೇ ಗತಿ. ಲೈನ್ ಗಾಡಿಯವರು, ಅಂದರೆ ಒಂದೇ ದಾರಿಯ ಅಂಗಡಿಗಳಿಗೆ ಸಾಮಾನು ಹಾಕುತ್ತಾ ಹೋಗುವವರು, ಅಂದಾಜಿನಲ್ಲಿ ಲೋಡ್ ಮಾಡಿಕೊಂಡು ಬರುತ್ತಿದ್ದರು. ಬೇಕಾದ್ದು ಇರುತ್ತಿರಲಿಲ್ಲ, ಬೇಡದ್ದು ವಾಪಸ್ ಹೋಗುತ್ತಿತ್ತು. ಡೀಸೆಲ್ ಖರ್ಚು ಮಾತ್ರ ಎರಡೂ ಕಡೆಯದು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಅದೇ ವರ್ಷ ಯುಪಿಐ ಕೂಡ ಶುರುವಾಯಿತು. ಆಮೇಲೆ ಕೆಲವೇ ವರ್ಷದಲ್ಲಿ ಆರ್ಡರೂ ಹಣವೂ ಒಂದೇ ಫೋನಿಗೆ ಬಂದು ಸೇರಿದವು.

ನನ್ನ ಮಟ್ಟಿಗೆ ಮಲೆನಾಡಿನ ಡೆಲಿವರಿಯಲ್ಲಿ ಮೊಬೈಲಿನ ದೊಡ್ಡ ಉಪಕಾರ ಈ ಮುಂಚೆ ತಿಳಿಸುವುದೇ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಅದರ ಸುತ್ತವೇ ಇವೆ.

ಆರ್ಡರನ್ನು ಟೈಪ್ ಮಾಡಿ ಕಳಿಸಬೇಕಾ, ವಾಯ್ಸ್ ಮೆಸೇಜ್ ಸಾಕಾ?

ಗಿರಾಕಿಗೆ ಯಾವುದು ಸುಲಭವೋ ಅದರಲ್ಲೇ ಕಳಿಸಲಿ. ನಮ್ಮ ಕಡೆ ಜಾಸ್ತಿ ಬರುವುದು ವಾಯ್ಸೇ. ಅಡಿಕೆ ಸುಲಿಯುತ್ತಾ, ಹಾಲು ಕರೆಯುತ್ತಾ ಟೈಪ್ ಮಾಡಲು ಯಾರಿಗೆ ಕೈ ಬಿಡುವಿರುತ್ತದೆ? "ಅಣ್ಣಾ, ಈ ಸಲ ಸೋನಾ ಮಸೂರಿ ಒಂದು ಮೂಟೆ ಇರ್ಲಿ, ಹೋದ್ಸಲದ್ದು ಹಳೇ ಅಕ್ಕಿ ಚೆನ್ನಾಗಿತ್ತು, ಅದೇ ಕಳ್ಸಿ. ಮತ್ತೆ ಎಣ್ಣೆ... ತಡೀರಿ, ಅಮ್ಮನ್ನ ಕೇಳಿ ಹೇಳ್ತೆ." ಹಿಂದೆ ಮಿಕ್ಸಿ ಸದ್ದು, ನಾಯಿ ಬೊಗಳುವುದು, ಆಮೇಲೆ ಇನ್ನೊಂದು ವಾಯ್ಸ್. ಇದನ್ನು ಅಂಗಡಿಯಲ್ಲಿ ಕೂತು ಪೂರ್ತಿ ಕೇಳಿ ಬರೆದುಕೊಳ್ಳಬೇಕು. ಅರ್ಧ ಕೇಳಿ ಬಿಟ್ಟರೆ ಎಣ್ಣೆ ಬಿಟ್ಟೇ ಹೋಗುತ್ತದೆ.

ಅದಕ್ಕೆ ಒಂದು ಪದ್ಧತಿ ಇಟ್ಟುಕೊಳ್ಳಿ. ವಾಯ್ಸ್ ಬಂದರೂ ಕಾಲ್ ಬಂದರೂ, ನೀವು ಮಾತ್ರ ವಾಪಸ್ ಬರೆದೇ ಕಳಿಸಿ. "ಸೋನಾ ಮಸೂರಿ ಹಳೆಯದು 25 ಕೆಜಿ 1, ಸನ್‌ಫ್ಲವರ್ ಎಣ್ಣೆ 1 ಲೀಟರ್ 5, ಗುರುವಾರದ ಗಾಡಿ. ಸರೀನಾ?" ಅಷ್ಟೇ ಸಾಕು. ಅತ್ತಲಿಂದ "ಸರಿ" ಅಂತ ಬಂದ ಮೇಲೆ ಬಿಲ್ಲು ಮಾಡಿ. ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ, ಟೈಪ್ ಮಾಡುವ ಕಷ್ಟವೂ ಇಲ್ಲ. ಆದರೆ ಅಂಕಿಗಳನ್ನು ಒಮ್ಮೆ ಕಣ್ಣಲ್ಲಿ ನೋಡಿಯೇ ಕಳಿಸಿ. ಮೂಟೆ, ಕೇಸು, ಡಜನ್, ಪ್ಯಾಕೆಟ್ ಇದರಲ್ಲಿ ಗೊಂದಲವಾಗಿ ಆಗುವ ಜಗಳ ಬೇರೆ ಯಾವುದರಲ್ಲೂ ಆಗುವುದಿಲ್ಲ. "ಐದು ಬಿಸ್ಕೆಟ್" ಅಂದರೆ ಅಂಗಡಿಯವರ ಲೆಕ್ಕದಲ್ಲಿ ಐದು ಬಾಕ್ಸ್, ಗೋಡೌನಿನವರ ಲೆಕ್ಕದಲ್ಲಿ ಐದು ಕೇಸು.

ಮಾಮೂಲಿ ವಾಟ್ಸಾಪ್ ಸಾಲದಾ? ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಬೇಕಾ?

ದಿನಕ್ಕೆ ಬೆರಳೆಣಿಕೆಯ ಆರ್ಡರ್ ಇದ್ದರೆ ಮಾಮೂಲಿಯದೇ ಸಾಕು. ಜಾಸ್ತಿ ಇದ್ದರೆ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ, ಅದಕ್ಕೂ ದುಡ್ಡು ಕೊಡಬೇಕಿಲ್ಲ. 2018ರಿಂದ ಇದೆ. ಸಾಮಾನಿನ ಫೋಟೋ, ರೇಟು ಸೇರಿಸಿ ಕ್ಯಾಟಲಾಗ್ ಮಾಡಬಹುದು. ಪ್ರತಿ ಗಿರಾಕಿಯ ಚಾಟ್‌ಗೆ "ಹೊಸ ಆರ್ಡರ್", "ಹಣ ಬಾಕಿ" ಅಂತ ಲೇಬಲ್ ಹಚ್ಚಬಹುದು. ನನಗೆ ಅದರಲ್ಲಿ ಎಲ್ಲಕ್ಕಿಂತ ಉಪಯೋಗ ಕಾಣುವುದು ಈ ಲೇಬಲ್ಲೇ. ಸಂಜೆ ಲೋಡ್ ಮಾಡುವಾಗ ಯಾರದ್ದು ಬಿಟ್ಟುಹೋಗಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ.

ಅಂಗಡಿಗೆ ಬೇರೆ ನಂಬರ್ ಇಟ್ಟುಕೊಳ್ಳಿ. ಒಂದೇ ನಂಬರನ್ನು ಇನ್ನೂ ನಾಲ್ಕು ಕಡೆ ಲಿಂಕ್ ಮಾಡಬಹುದು. ಗೋಡೌನಿನಲ್ಲಿ ಇರುವವರೂ ಅದೇ ಆರ್ಡರ್ ನೋಡಬಹುದು.

ಗಿರಾಕಿಗಳೆಲ್ಲರನ್ನೂ ಒಂದು ಗ್ರೂಪಿಗೆ ಸೇರಿಸಬಹುದಾ?

ಕೇಳದೆ ಸೇರಿಸಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಇರುವ ಗ್ರೂಪಿನಿಂದ ನಂಬರ್ ತೆಗೆದುಕೊಂಡು ಬೇಡದ ಮೆಸೇಜ್ ಕಳಿಸುವವರು ಇದ್ದಾರೆ. ಜೊತೆಗೆ ಒಬ್ಬ ಅಂಗಡಿಯವರಿಗೆ ಕೊಟ್ಟ ರೇಟನ್ನು ಇನ್ನೊಬ್ಬರು ನೋಡಿ "ನಂಗ್ಯಾಕೆ ಜಾಸ್ತಿ?" ಅಂತ ಕೇಳುತ್ತಾರೆ. ಅದರ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಒಂದಕ್ಕೆ 256 ಜನರವರೆಗೆ ಹಾಕಬಹುದು. ನೆನಪಿರಲಿ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಬಿಲ್ಲಿನ ಮೇಲೆ "ಈ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ದೊಡ್ಡದಾಗಿ ಅಚ್ಚು ಹಾಕಿಸಿ.

ನಮ್ಮದು ಒಂಟಿ ಮನೆ. ಅಡ್ರೆಸ್ ಏನಂತ ಹೇಳುವುದು?

ಮಲೆನಾಡಿನ ಅಡ್ರೆಸ್ ಯಾವತ್ತೂ ಕಥೆಯ ಹಾಗೆಯೇ. ಬಸ್‌ಸ್ಟಾಪ್ ಇಳಿದು, ಶಾಲೆ ದಾಟಿ, ಹಳ್ಳದ ಸಂಕ (ಕಾಲುಸೇತುವೆ) ಬಿಟ್ಟು ಎಡಕ್ಕೆ, ಉಣಗೋಲು (ಅಡ್ಡಗೋಲಿನ ಗೇಟು) ಇರುವ ಮನೆ. ಪಿನ್‌ಕೋಡ್ 1972ರಿಂದ ಇದೆ ನಿಜ. ಆದರೆ 577432 ಅಂದರೆ ತೀರ್ಥಹಳ್ಳಿ ಅಂತ ಗೊತ್ತಾಗುತ್ತದೆಯೇ ಹೊರತು ಗುಡ್ಡದ ಹಿಂದಿನ ನಿಮ್ಮ ಮನೆ ಗೊತ್ತಾಗುವುದಿಲ್ಲ.

ಲೊಕೇಶನ್ ಕಳಿಸುವುದೇ ಸರಿಯಾದ ದಾರಿ. ಕಳಿಸುವಾಗ ಒಂದಿಷ್ಟು ಜಾಗ್ರತೆ ಬೇಕು. ಮನೆಯ ಒಳಗೆ ಕೂತು ಒತ್ತಿದರೆ ಎಷ್ಟೋ ಸಲ ತೋಟದ ಮಧ್ಯೆಯೋ, ದೂರದ ಟವರ್ ಹತ್ತಿರವೋ ತೋರಿಸುತ್ತದೆ. ಅಂಗಳಕ್ಕೆ ಬಂದು, ಆಕಾಶ ಕಾಣುವ ಕಡೆ ಸ್ವಲ್ಪ ಹೊತ್ತು ನಿಂತು, ನೀಲಿ ಚುಕ್ಕಿ ಒಂದು ಕಡೆ ನಿಂತ ಮೇಲೆ ಕಳಿಸಿ. ಎರಡನೆಯದು ಇನ್ನೂ ಮುಖ್ಯ. ಮನೆಯ ಲೊಕೇಶನ್ ಒಂದೇ ಸಾಲದು. ಗಾಡಿ ಎಲ್ಲಿವರೆಗೆ ಬರುತ್ತದೆ, ಆ ಜಾಗದ ಲೊಕೇಶನ್ ಕೂಡ ಕಳಿಸಿ. ಮ್ಯಾಪಿನಲ್ಲಿ ರಸ್ತೆ ಅಂತ ಕಾಣುವುದು ಎಷ್ಟೋ ಕಡೆ ಬೈಕ್ ಮಾತ್ರ ಹೋಗುವ ದಾರಿ. ಪಿಕಪ್ ಗಾಡಿ ಇಳಿಜಾರಿಗೆ ಇಳಿದ ಮೇಲೆ ತಿರುಗಿಸಲು ಜಾಗವಿಲ್ಲ ಅಂತ ಗೊತ್ತಾದರೆ, ಲೋಡ್ ಸಮೇತ ಹಿಂದಕ್ಕೆ ಹತ್ತಿಸಬೇಕು. ಮಳೆಗಾಲದಲ್ಲಿ ಅದು ಅಪಾಯದ ಕೆಲಸ.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ದೇಶದ ನೆಲವನ್ನೆಲ್ಲ ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕಕ್ಕೂ ಅಕ್ಷರ ಅಂಕಿ ಸೇರಿ ಹತ್ತರ ಒಂದು ಕೋಡ್ ಕೊಟ್ಟಿದೆ. ಅಂಚೆ ಇಲಾಖೆ ಇದನ್ನು ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿ ಜೊತೆ ಸೇರಿ ಮಾಡಿತು. ಮನೆ ನಂಬರು, ಬೀದಿ ಹೆಸರು ಇಲ್ಲದ ನಮ್ಮಂಥ ಊರುಗಳಿಗೇ ಇದು ಹೇಳಿ ಮಾಡಿಸಿದ್ದು ಅಂತ ನನಗನಿಸುತ್ತದೆ. ನಿಮ್ಮ ಮನೆಯ ಕೋಡ್ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತೇ ಅಕ್ಷರ ಆದ್ದರಿಂದ ಡಬ್ಬಾ ಫೋನಿನಲ್ಲೂ ಬಾಯಲ್ಲಿ ಹೇಳಬಹುದು.

ಮ್ಯಾಪ್ ತೋರಿಸಿದ ದಾರಿಯಲ್ಲೇ ಹೋಗಬಹುದಾ?

ಊರಿನವರನ್ನು ಕೇಳದೆ ಹೋಗಬೇಡಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಧರೆ ಕುಸಿದದ್ದು, ಮರ ಬಿದ್ದದ್ದು ಮ್ಯಾಪಿಗಿಂತ ಮೊದಲು ಆ ದಾರಿಯ ಬಸ್ ಕಂಡಕ್ಟರಿಗೆ ಗೊತ್ತಿರುತ್ತದೆ. ಆಗುಂಬೆ ಘಾಟಿಯಲ್ಲಿ ಮಳೆಗಾಲ ಬಂತೆಂದರೆ ಭಾರಿ ವಾಹನ ನಿಲ್ಲಿಸುವುದು ಇದ್ದದ್ದೇ, ಹೊರಡುವ ಮೊದಲು ಕೇಳಿಕೊಳ್ಳಿ. ಒಳ್ಳೆಯ ಬದಲಾವಣೆಯೂ ಇದೆ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಗೆ ಮೊದಲು ಲಾಂಚಿನ ಸಮಯ ನೋಡಿಕೊಂಡೇ ಸಾಮಾನು ಕಳಿಸಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಆ ಕಾಯುವಿಕೆ ಹೋಯಿತು.

ನೆಟ್‌ವರ್ಕೇ ಇಲ್ಲದ ಕಡೆ ಇದೆಲ್ಲ ಹೇಗೆ ನಡೆಯುತ್ತದೆ?

ನಡೆಯುತ್ತದೆ, ಆದರೆ ಕೆಲಸದ ಕ್ರಮ ಬೇರೆ. ನಮ್ಮ ಲೈನ್ ಗಾಡಿಗಳನ್ನೇ ನೋಡಿ. ಪ್ರತಿ ದಾರಿಯಲ್ಲೂ ಸಿಗ್ನಲ್ ಸಿಗುವ ಕೊನೆಯ ತಿರುವು ಒಂದು ಇರುತ್ತದೆ, ಡ್ರೈವರಿಗೆ ಅದು ಬಾಯಿಪಾಠ. ಅಲ್ಲಿ ಗಾಡಿ ಬದಿಗೆ ಹಾಕುತ್ತಾರೆ. ಮುಂದಿನ ಅಂಗಡಿಗಳ ಆರ್ಡರ್ ಮೆಸೇಜ್ ಫೋನಿಗೆ ಪೂರ್ತಿ ಬರುವವರೆಗೆ ಕಾಯುತ್ತಾರೆ. ಯಾರಾದರೂ ಕೊನೇ ಗಳಿಗೆಯಲ್ಲಿ ಏನಾದರೂ ಸೇರಿಸಿದ್ದಾರಾ ನೋಡುತ್ತಾರೆ. ಆಮೇಲೆ ಒಬ್ಬೊಬ್ಬರಿಗೂ ಒಂದು ಸಾಲು: "ತಿರುವಿನ ಹತ್ರ ಇದೀನಿ, ಅರ್ಧ ಗಂಟೆಲಿ ಬರ್ತೀನಿ." ಗಿರಾಕಿಯ ಮನೆಯಲ್ಲಿ ವೈಫೈ ಇದ್ದರೆ ಆ ಮೆಸೇಜ್ ಸಿಗುತ್ತದೆ. ತೋಟದಲ್ಲಿದ್ದವರು ಸೊಪ್ಪಿನ ಹೊರೆ ಇಳಿಸಿ ಮನೆಗೆ ಬಂದಿರುತ್ತಾರೆ. ಆ ಒಂದು ಸಾಲು ಇಲ್ಲದಿದ್ದರೆ ಗಾಡಿ ಹಾರ್ನ್ ಹೊಡೆದು ಹೊಡೆದು ವಾಪಸ್ ಹೋಗುವುದೇ.

ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ತಾಲ್ಲೂಕಿನ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜಿಪಿಎಸ್ ಕೆಲಸ ಮಾಡಲು ಇಂಟರ್‌ನೆಟ್ ಬೇಕಾಗಿಲ್ಲ. ಲೊಕೇಶನ್‌ಗಳನ್ನೂ ಹೊರಡುವ ಮೊದಲೇ ಸೇವ್ ಮಾಡಿಕೊಳ್ಳಿ. ಬಿಲ್ಲಿನ ಒಂದು ಕಾಗದದ ಪ್ರತಿ ಗಾಡಿಯಲ್ಲಿ ಇರಲೇಬೇಕು. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಇಡೀ ಊರಿನ ಫೋನ್ ಒಟ್ಟಿಗೆ ಸತ್ತುಹೋಗುತ್ತದೆ. ಅಂಥ ವಾರಗಳಿಗೆ ಖಾಯಂ ಗಿರಾಕಿಗಳ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ: "ಫೋನ್ ಸಿಗದಿದ್ದರೆ ಹೋದ ವಾರದ ಆರ್ಡರನ್ನೇ ತರುತ್ತೇನೆ." ಈ ಒಂದು ಮಾತಿನಿಂದ ಮಳೆಗಾಲದಲ್ಲಿ ಎಷ್ಟೋ ಮನೆಗಳಿಗೆ ಅನುಕೂಲವಾಗುತ್ತದೆ.

ಡ್ರೈವರ್ ಎಲ್ಲಿದ್ದಾರೆ ಅಂತ ಲೈವ್ ಲೊಕೇಶನ್ ಕೇಳಬಹುದಾ?

ವಾಟ್ಸಾಪಿನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಆಯ್ಕೆ ಇದೆ. ಗಿರಾಕಿಗೆ 1 ಗಂಟೆಯದು ಸಾಕು. ಸಿಗ್ನಲ್ ಇಲ್ಲದ ಕಡೆ ಚುಕ್ಕಿ ನಿಂತಲ್ಲೇ ನಿಲ್ಲುತ್ತದೆ. ಅದನ್ನು ನೋಡಿ "ಟೀ ಕುಡೀತಾ ಕೂತಿದಾರೆ" ಅಂತ ಮಾಲೀಕರಿಗೆ ಫೋನ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಷ್ಟು ಹೊತ್ತು ಡ್ರೈವರ್ ಯಾರದೋ ಮನೆಗೆ ತಲೆಯ ಮೇಲೆ ಮೂಟೆ ಹೊತ್ತುಕೊಂಡು ಹೋಗಿರಬಹುದು. ಮತ್ತೆ, ಗಾಡಿ ಓಡಿಸುವಾಗ ಅವರಿಗೆ ಕಾಲ್ ಮಾಡಲೇಬೇಡಿ, ಮೆಸೇಜ್ ಹಾಕಿ. ನಿಂತಾಗ ನೋಡುತ್ತಾರೆ.

ಹಣವನ್ನು ಯಾರ ಸ್ಕ್ಯಾನರಿಗೆ ಹಾಕಿಸಬೇಕು? ಡ್ರೈವರದ್ದಾ, ಅಂಗಡಿಯದ್ದಾ?

ಅಂಗಡಿಯದ್ದೇ. ಡ್ರೈವರ್ ಸ್ವಂತ ನಂಬರಿಗೆ ಹಾಕಿಸಿಕೊಂಡರೆ ಸಂಜೆ ಲೆಕ್ಕದಲ್ಲಿ ಗೊಂದಲ, ಸುಮ್ನೆ ಅವರ ಮೇಲೆ ಅನುಮಾನ. ಅಂಗಡಿಯ ಕ್ಯೂಆರ್ ಕೋಡನ್ನು ಲ್ಯಾಮಿನೇಷನ್ ಮಾಡಿಸಿ ಗಾಡಿಯಲ್ಲಿಡಿ. ಹಣ ಬಂದಾಗ ಅಂಗಡಿಯಲ್ಲಿ ಕೂತವರು ಡ್ರೈವರಿಗೆ "ಬಂತು" ಅಂತ ಒಂದು ಮೆಸೇಜ್ ಹಾಕಿದರಾಯಿತು.

ಇಂಟರ್‌ನೆಟ್ ಇಲ್ಲದ ಗಿರಾಕಿ *99# ಡಯಲ್ ಮಾಡಿ ಕಳಿಸಬಹುದು, ಒಂದು ಸಲಕ್ಕೆ 5000 ರೂಪಾಯಿವರೆಗೆ. ಬಟನ್ ಫೋನಿಗೆ ಅಂತಲೇ 2022ರಲ್ಲಿ ಯುಪಿಐ 123ಪೇ ಬಂದಿದೆ. ಹಾಲು, ಬ್ರೆಡ್ಡಿನಂಥ ಚಿಲ್ಲರೆ ಹಣಕ್ಕೆ ಯುಪಿಐ ಲೈಟ್ ಸಲೀಸು, ಪಿನ್ ಹಾಕುವ ರಗಳೆ ಇಲ್ಲ.

ಹಣ ಹಾಕಿದ್ದೇನೆ ಅಂತ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ನಂಬಬಹುದಾ?

ಸ್ಕ್ರೀನ್‌ಶಾಟನ್ನು ನಂಬಬೇಡಿ, ಖಾತೆ ನೋಡಿ. ನಕಲಿ ಸ್ಕ್ರೀನ್‌ಶಾಟ್ ಮಾಡುವ ಆ್ಯಪ್‌ಗಳೇ ಇವೆ. ಖಾಯಂ ಗಿರಾಕಿಯನ್ನು ಅನುಮಾನಿಸಿದ ಹಾಗಾಗುತ್ತದೆ ಅಂತ ಸಂಕೋಚ ಬೇಡ. "ನೆಟ್‌ವರ್ಕ್ ಸ್ಲೋ ಇದೆ, ಒಂದ್ನಿಮಿಷ ಅಕ್ಕ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಬಗೆಯ ಮೋಸ ಹೆಚ್ಚು ಅಪಾಯದ್ದು. ಯಾರೋ ದೊಡ್ಡ ಆರ್ಡರ್ ಕೊಡುತ್ತಾರೆ, ಹೋಂಸ್ಟೇ ನಡೆಸುತ್ತೇವೆ ಅಂತಲೋ, ಕ್ಯಾಂಪಿನವರು ಅಂತಲೋ ಹೇಳುತ್ತಾರೆ. ಹಣ ಕಳಿಸಲು ನಿಮ್ಮಿಂದಲೇ ಏನನ್ನೋ ಸ್ಕ್ಯಾನ್ ಮಾಡಿಸಿ ಪಿನ್ ಹಾಕಿಸುತ್ತಾರೆ. ಹಣ ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಕೇಳಿತು ಅಂದರೆ ನಿಮ್ಮ ಹಣ ಹೋಗುತ್ತಿದೆ ಅಂತಲೇ ಅರ್ಥ. ಮೋಸವಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ.

ಯುಪಿಐ ತೆಗೆದುಕೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತಂತೆ, ಹೌದಾ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಜನ ಹೆದರಿ ಸ್ಕ್ಯಾನರ್ ತೆಗೆದಿಟ್ಟರು. ನಿಯಮ ಇಷ್ಟು: ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ನೋಂದಣಿ ಬೇಕು. ತಾಜಾ ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ಮಾತ್ರ ಈ ಮಿತಿಯನ್ನು ನಂಬಿ ಕೂರಬೇಡಿ. ನಗದು ತೆಗೆದುಕೊಂಡರೂ ವಹಿವಾಟು ವಹಿವಾಟೇ, ಆದ್ದರಿಂದ ಸ್ಕ್ಯಾನರ್ ತೆಗೆಯುವುದು ಪರಿಹಾರವಲ್ಲ. ಖರೀದಿ ಬಿಲ್ಲು ಜೋಪಾನವಾಗಿಡಿ, ಮನೆ ಖರ್ಚಿನ ಖಾತೆ, ವ್ಯಾಪಾರದ ಖಾತೆ ಬೇರೆ ಮಾಡಿ. ಅಣ್ಣ ಕಳಿಸಿದ ಹಣವೂ ಗಿರಾಕಿ ಕೊಟ್ಟ ಹಣವೂ ಒಂದೇ ಖಾತೆಯಲ್ಲಿ ಬೆರೆತರೆ ಆಮೇಲೆ ಬಿಡಿಸಿ ಹೇಳುವುದು ಬಹಳ ಕಷ್ಟ.

ಮೊಬೈಲ್ ಬಂದ ಮೇಲೆ ಉದ್ರಿ ಕಡಿಮೆಯಾಗಿದೆಯಾ?

ಇಲ್ಲ, ಆಗುವುದೂ ಬೇಡ. ಅಡಿಕೆ ಮಾರಿದ ಮೇಲೆ ಹಣ ಕೊಡುತ್ತೇನೆ ಅನ್ನುವ ಮನೆಗಳು ನಮ್ಮಲ್ಲಿ ಇದ್ದೇ ಇರುತ್ತವೆ. ಕೊಯ್ಲಿಗೆ ಮುಂಚಿನ ತಿಂಗಳುಗಳಲ್ಲಿ ಅವರ ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. ಆ ನಂಬಿಕೆಯ ಮೇಲೆಯೇ ಎಷ್ಟೋ ಅಂಗಡಿ ತಲೆಮಾರುಗಳಿಂದ ನಡೆದಿವೆ. ಈಗ ಉದ್ರಿ ಲೆಕ್ಕ ಇಬ್ಬರ ಕೈಯಲ್ಲೂ ಇರುತ್ತದೆ, ಅದು ಒಳ್ಳೆಯದು. ತಿಂಗಳಿಗೊಮ್ಮೆ ಖಾತೆ ಪುಸ್ತಕದ ಆ ಪುಟದ ಫೋಟೋ ತೆಗೆದು ಕಳಿಸಿ. ತಪ್ಪಿದ್ದರೆ ಆಗಲೇ ಹೇಳುತ್ತಾರೆ. ಆದರೆ ಬಾಕಿ ಕೇಳಲು ಮೆಸೇಜ್ ಹಾಕಬೇಡಿ. ಕಾಲ್ ಮಾಡಿ, ಇಲ್ಲವೇ ಎದುರಿಗೆ ಸಿಕ್ಕಾಗ ಕೇಳಿ. ಬರೆದ ಮಾತು ಇದ್ದದ್ದಕ್ಕಿಂತ ಒರಟಾಗಿ ಕೇಳುತ್ತದೆ. ಮನೆಯ ಮಕ್ಕಳೂ ಅದೇ ಫೋನ್ ನೋಡುತ್ತಿರುತ್ತಾರೆ.

ಸಾಮಾನು ಒಡೆದು, ನೆನೆದು ಬಂದರೆ ಏನು ಮಾಡಬೇಕು?

ಗಾಡಿ ಅಲ್ಲಿರುವಾಗಲೇ ಫೋಟೋ ತೆಗೆಯಿರಿ. ಪ್ಯಾಕೆಟ್ಟಿನ ಬ್ಯಾಚ್ ನಂಬರು, ತಾರೀಕು ಕಾಣುವ ಹಾಗಿರಲಿ. ಸಪ್ಲೈ ಮಾಡುವವರೂ ಇಳಿಸುವಾಗ ಒಂದು ಫೋಟೋ ತೆಗೆದಿಟ್ಟುಕೊಂಡರೆ ಕಂಪನಿಯಿಂದ ಡ್ಯಾಮೇಜ್ ಹಣ ಪಡೆಯುವುದು ಸುಲಭ. ಆನ್‌ಲೈನ್ ಕಂಪನಿಯಿಂದ ತರಿಸಿದ್ದಕ್ಕೆ ನ್ಯಾಯ ಸಿಗದಿದ್ದರೆ ಗ್ರಾಹಕ ಸಹಾಯವಾಣಿ 1915.

ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಮಾಡುತ್ತೇವೆ. ವಾಟ್ಸಾಪ್ ಸ್ಟೇಟಸ್ ಹಾಕಿ ಮಾರಬಹುದಾ?

ಖಂಡಿತ ಮಾರಿ. ಮಲೆನಾಡಿನ ಹೆಣ್ಣುಮಕ್ಕಳಿಗೆ ಮೊಬೈಲಿನಿಂದ ಆದ ದೊಡ್ಡ ಲಾಭ ಇದೇ ಅಂತ ನಾನು ನಂಬುತ್ತೇನೆ. ಮೊದಲು ಪೇಟೆಯ ಅಂಗಡಿಯವರು ಹೇಳಿದ ರೇಟಿಗೆ ಕೊಟ್ಟು ಬರಬೇಕಿತ್ತು. ಈಗ ಬೆಂಗಳೂರಿನಲ್ಲಿರುವ ಗಿರಾಕಿ ನೇರವಾಗಿ "ಅಕ್ಕ, ಈ ವರ್ಷದ ಮಿಡಿ ಬಂತಾ?" ಅಂತ ಕೇಳುತ್ತಾರೆ. ರೇಟು ನೀವೇ ಹೇಳುತ್ತೀರಿ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ಪ್ರಮಾಣದಲ್ಲಿ ಮಾಡುವವರಿಗೆ ಬೇಸಿಕ್ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಸಿಗುವ 14 ಅಂಕಿಯ ನಂಬರನ್ನು ಲೇಬಲ್ ಮೇಲೆ ಹಾಕಿ. ತಯಾರಿಸಿದ ದಿನ, ತೂಕ, ಏನೇನು ಹಾಕಿದ್ದೀರಿ ಅನ್ನುವುದೂ ಇರಲಿ. ಫೋಟೋ ವಿಷಯದಲ್ಲಿ ಒಂದು ಮಾತು: ಇಂಟರ್‌ನೆಟ್ಟಿನಿಂದ ಚೆಂದದ ಫೋಟೋ ತೆಗೆದು ಹಾಕಬೇಡಿ. ನಿಮ್ಮ ಭರಣಿ, ನಿಮ್ಮ ಜಗಲಿ, ನಿಮ್ಮ ಮಿಡಿ ಇರುವ ಫೋಟೋ ನೋಡಿಯೇ ಜನ ನಂಬುವುದು.

ಬಸ್ಸಿಗೆ ಹಾಕಿ ಕಳಿಸುವುದು ಈಗಲೂ ಇದೆಯಾ?

ಇದೆ, ಮೊಬೈಲಿನಿಂದ ಇನ್ನೂ ಸಲೀಸಾಗಿದೆ. ಬಸ್ಸಿನ ಹೆಸರು, ನಂಬರ್ ಪ್ಲೇಟ್, ಪಾರ್ಸೆಲ್ ಇಟ್ಟ ಜಾಗ ಮೂರರ ಫೋಟೋ ತೆಗೆದು ತೆಗೆದುಕೊಳ್ಳುವವರಿಗೆ ಕಳಿಸಿ. ಕಂಡಕ್ಟರ್ ಒಪ್ಪಿದರೆ ಅವರ ನಂಬರೂ ಕೊಡಿ. ಡಬ್ಬದ ಮೇಲೆ ಇಬ್ಬರ ನಂಬರನ್ನೂ ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ, ಮಳೆಗೆ ಅಳಿಸದ ಹಾಗೆ ಮೇಲೆ ಟೇಪ್ ಹಚ್ಚಿ.

ಸ್ಮಾರ್ಟ್‌ಫೋನ್ ಇಲ್ಲದ ವಯಸ್ಸಾದವರನ್ನು ಏನು ಮಾಡುವುದು?

ಅವರನ್ನು ಬಿಡಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಊರುಗಳು ನಮ್ಮವು. ಅವರಿಗೆ ಆರ್ಡರ್ ದಿನ ನೀವೇ ಕಾಲ್ ಮಾಡಿ. ಮಗ ಅಥವಾ ಮಗಳನ್ನು ಸೇರಿಸಿ ಸಣ್ಣ ಗ್ರೂಪ್ ಮಾಡಿಕೊಳ್ಳಿ, ಹಣ ಅಲ್ಲಿಂದಲೇ ಬರುತ್ತದೆ, ಸಾಮಾನು ಇಲ್ಲಿ ತಲುಪುತ್ತದೆ. ಸಾಮಾನು ಕೊಟ್ಟ ಮೇಲೆ "ಅಮ್ಮ ಆರಾಮಿದ್ದಾರೆ" ಅಂತ ಡ್ರೈವರ್ ಒಂದು ಸಾಲು ಸೇರಿಸಿದರೆ ಆ ಮನೆ ನಿಮ್ಮನ್ನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ.

ಗ್ಯಾಸ್ ಸಿಲಿಂಡರಿಗೆ ರಿಜಿಸ್ಟರ್ ಆದ ಮೊಬೈಲಿಗೆ ಬರುವ ಕೋಡ್ ಹೇಳಬೇಕು. ಆ ಮೊಬೈಲ್ ಬೆಂಗಳೂರಿನ ಮಗನ ಜೇಬಿನಲ್ಲಿದ್ದರೆ ಊರಲ್ಲಿ ಪರದಾಟ. ಕೋಡನ್ನು ಆವತ್ತೇ ಕಾಲ್ ಮಾಡಿ ತಿಳಿಸಿ, ಅಪ್ಪನ ಹತ್ತಿರ ಕ್ಯಾಲೆಂಡರ್ ಮೇಲೆ ಬರೆಸಿಡಿ. ಸಿಲಿಂಡರ್ ತಂದವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಬಾರದು ಅನ್ನುವುದನ್ನೂ ತಿಳಿಸಿ.

ಹತ್ತು ನಿಮಿಷದಲ್ಲಿ ತಂದುಕೊಡುವ ಕಂಪನಿಗಳು ನಮ್ಮ ಕಡೆಗೂ ಬಂದರೆ ಸಣ್ಣ ಅಂಗಡಿಗಳ ಗತಿ?

ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಬಡಾವಣೆಗಳ ಅಂಗಡಿಗಳಿಗೆ ಪೈಪೋಟಿ ಇರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಘಾಟಿಯ ಊರುಗಳಲ್ಲಿ ಮನೆಯಿಂದ ಮನೆಗೆ ಇರುವ ದೂರಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಆದರೆ ಅವರಿಂದ ಕಲಿಯಬೇಕಾದ್ದು ಒಂದಿದೆ. ಅವರು ಗಿರಾಕಿಯನ್ನು ಕತ್ತಲಲ್ಲಿ ಇಡುವುದಿಲ್ಲ. ಸಾಮಾನು ಇದೆಯೋ ಇಲ್ಲವೋ, ಯಾವಾಗ ಬರುತ್ತದೆ, ಎಷ್ಟಾಯಿತು ಎಲ್ಲ ಹೇಳುತ್ತಾರೆ. "ಇವತ್ತು ಬರಲ್ಲ, ನಾಳೆ ಮಧ್ಯಾಹ್ನ" ಅಂತ ಬೆಳಿಗ್ಗೆಯೇ ಹೇಳುವ ಅಂಗಡಿಯನ್ನು ಜನ ಬಿಡುವುದಿಲ್ಲ.

ಆ್ಯಪ್‌ಗಳಿಗೆ ಕೆಲಸ ಮಾಡುವ ಹುಡುಗರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ನಮ್ಮ ಸಣ್ಣ ಅಂಗಡಿಗಳ ಡ್ರೈವರುಗಳಿಗೆ ಅದು ಅನ್ವಯಿಸುವುದಿಲ್ಲ. ಅವರ ವಿಮೆ, ಮಳೆ ಕೋಟು, ಫೋನಿನ ರೀಚಾರ್ಜ್ ಮಾಲೀಕರೇ ನೋಡಿಕೊಳ್ಳಬೇಕು.

ರಾತ್ರಿ ಹನ್ನೊಂದಕ್ಕೂ ಆರ್ಡರ್ ಬರುತ್ತದೆ. ಉತ್ತರ ಕೊಡಲೇಬೇಕಾ?

ಬೇಡ. ಬಿಸಿನೆಸ್ ಆ್ಯಪಿನಲ್ಲಿ ಅಂಗಡಿ ಮುಚ್ಚಿದ ಮೇಲೆ ತಾನೇ ಹೋಗುವ ಮೆಸೇಜ್ ಇಡಬಹುದು. "ನಿಮ್ಮ ಆರ್ಡರ್ ಬಂದಿದೆ. ಬೆಳಿಗ್ಗೆ 7ಕ್ಕೆ ನೋಡಿ ತಿಳಿಸುತ್ತೇವೆ. ಸಂಜೆ 6ರ ಮೇಲೆ ಬಂದ ಆರ್ಡರ್ ಮರುದಿನದ ಗಾಡಿಗೆ ಸೇರುವುದಿಲ್ಲ." ಇದನ್ನು ಕನ್ನಡದಲ್ಲೇ ಬರೆದಿಡಿ. ಗಿರಾಕಿಗಳು ಕೆಲವೇ ದಿನದಲ್ಲಿ ಸಂಜೆಯೊಳಗೆ ಕಳಿಸುವ ರೂಢಿ ಮಾಡಿಕೊಳ್ಳುತ್ತಾರೆ. ಔಷಧಿ, ಮಗುವಿನ ಹಾಲಿನ ಪುಡಿ ಇಂಥವಕ್ಕೆ ಮಾತ್ರ ಕಾಲ್ ಮಾಡಲು ಒಂದು ನಂಬರ್ ಕೊಟ್ಟಿರಿ.